ಕರಿಕೋಟು ಕಳಚಿಟ್ಟವರು

ಚಾಮರಾಜಪೇಟೆಯ ಆಲೂರು ವೆಂಕಟರಾವ್ ರಸ್ತೆಯಲ್ಲಿ ನೀವು ಎಷ್ಟೋ ಸಲ ಓಡಾಡಿರಬಹುದು. ಮೊದಲು ಆಲ್ಬರ್ಟ್ ವಿಕ್ಟರ್ ರಸ್ತೆಯಾಗಿದ್ದ ಈ ಬೀದಿಗೆ ಧಾರವಾಡದ ವಕೀಲರೊಬ್ಬರ ಹೆಸರು ಬಂದದ್ದೇಕೆ? ಅವರು ವಕೀಲಿಯನ್ನು ಬಿಟ್ಟದ್ದರಿಂದ!

ವೆಂಕಟರಾಯರು 1880ರ ಜುಲೈ 12ರಂದು ಬಿಜಾಪುರದಲ್ಲಿ ಹುಟ್ಟಿದರು. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಬಿ.ಎ. ಮುಗಿಸಿ, ಕಾನೂನು ಪದವಿ ಪಡೆದು, ಧಾರವಾಡದಲ್ಲಿ ವಕೀಲರಾದರು. ಅಂದಿನ ಕಾಲದಲ್ಲಿ ವಕೀಲಿ ಎಂದರೆ ಹಣ, ಮಾನ, ಮನೆಮಂದಿಗೆಲ್ಲ ನೆಮ್ಮದಿ. ಆದರೆ 1905ರಲ್ಲಿ ಅವರು ವಿಜಯನಗರದ ಹಾಳುಭೂಮಿಯನ್ನು ಕಂಡರು. ಕನ್ನಡ ನಾಡು ಆಗ ಮುಂಬಯಿ, ಮದ್ರಾಸು, ಹೈದರಾಬಾದು, ಮೈಸೂರು, ಕೊಡಗು ಎಂದು ಹರಿದು ಹಂಚಿಹೋಗಿತ್ತು. ತನ್ನ ಜನಕ್ಕೆ ತಮ್ಮ ಕಥೆಯೇ ಮರೆತುಹೋಗಿದೆಯಲ್ಲ ಎಂಬ ನೋವು ಆ ಯುವಕನನ್ನು ಹಿಡಿಯಿತು, ಮತ್ತೆ ಬಿಡಲಿಲ್ಲ.

ಅವರು ವಿದ್ಯಾವರ್ಧಕ ಸಂಘದ 'ವಾಗ್ಭೂಷಣ' ಪತ್ರಿಕೆಯ ಹೊಣೆ ಹೊತ್ತರು. ಬರಬರುತ್ತಾ ಕೋರ್ಟು ಹಿಂದಾಯಿತು, ಲೇಖನಿ ಮುಂದಾಯಿತು; ಕೊನೆಗೆ ವಕೀಲಿಯನ್ನೇ ಕೈಬಿಟ್ಟರು. 1907 ಮತ್ತು 1908ರಲ್ಲಿ ಧಾರವಾಡದಲ್ಲಿ ಕನ್ನಡ ಲೇಖಕರನ್ನು ಒಟ್ಟುಗೂಡಿಸಿದರು. 1915ರಲ್ಲಿ ಬೆಂಗಳೂರಿನಲ್ಲಿ ಸಾಹಿತ್ಯ ಪರಿಷತ್ತು ಹುಟ್ಟಿತು. ಇಂದು ಚಾಮರಾಜಪೇಟೆಯಲ್ಲಿರುವ ಪರಿಷತ್ತು ಅದೇ. ವರ್ಷಗಟ್ಟಲೆ ಅಭ್ಯಾಸ ಮಾಡಿ ಬರೆದ 'ಕರ್ನಾಟಕ ಗತವೈಭವ' 1917ರಲ್ಲಿ ಹೊರಬಂತು. 1922ರಲ್ಲಿ 'ಜಯಕರ್ನಾಟಕ' ಪತ್ರಿಕೆ ಆರಂಭಿಸಿದರು. ಇವು ಯಾವುವೂ ವಕೀಲಿಯಂತೆ ಮನೆ ತುಂಬುವ ಕೆಲಸಗಳಾಗಿರಲಿಲ್ಲ.

ನಮ್ಮ ಧರ್ಮಸಭೆಗೂ ಇಂಥ ಮಾದರಿಯಿದೆ. ನೇಪಲ್ಸಿನ ಹೆಸರಾಂತ ವಕೀಲ ಅಲ್ಫೋನ್ಸ್ ಲಿಗೋರಿ 1723ರಲ್ಲಿ ದೊಡ್ಡದೊಂದು ಮೊಕದ್ದಮೆ ಸೋತು ನ್ಯಾಯಾಲಯ ತೊರೆದರು. ಮುಂದೆ ಗುರುವಾಗಿ, ನೂರಕ್ಕೂ ಹೆಚ್ಚು ಗ್ರಂಥಗಳನ್ನು ಬರೆದು ಸಂತರೆನಿಸಿದರು. ವೆಂಕಟರಾಯರು ಅನ್ಯಧರ್ಮದವರು, ಅವರ ದಾರಿ ಬೇರೆ. ಆದರೂ ಕೇಳಿಬಂದ ಕರೆಗೆ ಕಿವಿಗೊಟ್ಟು ಕೈಯಲ್ಲಿದ್ದದ್ದನ್ನು ಬಿಡುವ ಧೈರ್ಯ ಇಬ್ಬರಲ್ಲಿಯೂ ಒಂದೇ.

ಫಲ ಬೇಗ ಸಿಗಲಿಲ್ಲ. ವಿಜಯನಗರವನ್ನು ಕಂಡ 51 ವರ್ಷಗಳ ಮೇಲೆ, 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾಯಿತು. ಆಗ ಅವರಿಗೆ 76 ವರ್ಷ. 1964ರ ಫೆಬ್ರವರಿ 25ರಂದು ತೀರಿಕೊಂಡರು. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು 1973ರಲ್ಲಿ. ಬೆಟ್ಟದ ಮೇಲಿನಿಂದ ವಾಗ್ದತ್ತ ನಾಡನ್ನು ನೋಡಿ ಕಣ್ಮುಚ್ಚಿದ ಮೋಶೆಯಂತೆ, ಅವರಿಗೂ ಎಲ್ಲವನ್ನೂ ಕಾಣುವ ಭಾಗ್ಯವಿರಲಿಲ್ಲ.

ತಂದೆತಾಯಿಗಳೇ, ಸಾಲ ಮಾಡಿ ಓದಿಸಿದ ಮಗನೋ ಮಗಳೋ ನಾಳೆ ಒಳ್ಳೆಯ ಕೆಲಸ ಬಿಡುತ್ತೇನೆಂದರೆ ನಿಮಗೆ ಭಯವಾಗುವುದು ಸಹಜ, ಒಲೆ ಉರಿಯಬೇಕಲ್ಲ. ಗದರಿಸುವ ಮೊದಲು ಒಂದು ಮಾತು ಕೇಳಿನೋಡಿ: ಈ ಮಗು ಕಷ್ಟಕ್ಕೆ ಹೆದರಿ ಓಡುತ್ತಿದೆಯೋ, ಹೆಚ್ಚಿನ ಕಷ್ಟದ ಕಡೆಗೇ ಹೆಜ್ಜೆ ಹಾಕುತ್ತಿದೆಯೋ? ಎರಡನೆಯದಾದರೆ, ಈ ರಾತ್ರಿ ಜಪಸರದ ಹೊತ್ತಿನಲ್ಲಿ ಆ ಮಗುವಿನ ಪಕ್ಕದಲ್ಲಿ ಮೊಣಕಾಲೂರಿರಿ.