ಆಂಟ್ವಾನ್ ಸೆವ್ರುಗಿನ್

ಆಂಟ್ವಾನ್ ಸೆವ್ರುಗಿನ್ (ನಿಧನ: 1933) ಇರಾನಿನ ಪ್ರಸಿದ್ಧ ಛಾಯಾಗ್ರಾಹಕರು. ಕಜಾರ್ ರಾಜವಂಶದ ಆಳ್ವಿಕೆಯ ಕೊನೆಯ ದಶಕಗಳಲ್ಲಿ ಟೆಹರಾನ್ ನಗರದಲ್ಲಿ ಸ್ಟುಡಿಯೋ ನಡೆಸುತ್ತಿದ್ದ ಇವರು ಅರಮನೆಯಿಂದ ಹಿಡಿದು ಬೀದಿಯವರೆಗಿನ ಇರಾನಿನ ಜನಜೀವನವನ್ನು ಚಿತ್ರಗಳಲ್ಲಿ ದಾಖಲಿಸಿದರು. ಇವರ ಸಂಗ್ರಹದಲ್ಲಿದ್ದ ಸುಮಾರು 7,000 ಗಾಜಿನ ಫಲಕಗಳಲ್ಲಿ ಹೆಚ್ಚಿನವು ಇವರ ಜೀವಿತಕಾಲದಲ್ಲಿಯೇ ನಾಶವಾದವು. ಉಳಿದವು ಆ ಕಾಲದ ಇರಾನನ್ನು ಅರಿಯಲು ಮುಖ್ಯ ಆಕರಗಳಾಗಿವೆ.

ಆರಂಭಿಕ ಜೀವನ

ಸೆವ್ರುಗಿನ್ ಅವರು ಟೆಹರಾನ್‌ನಲ್ಲಿದ್ದ ರಷ್ಯಾದ ರಾಯಭಾರ ಕಚೇರಿಯಲ್ಲಿ ಜನಿಸಿದರು. ತಂದೆ ವಾಸಿಲಿ ರಷ್ಯಾದ ರಾಜತಾಂತ್ರಿಕ ಸೇವೆಯಲ್ಲಿದ್ದರು. ತಾಯಿ ಅಚಿನ್ ಖಾನುಂ ಜಾರ್ಜಿಯಾ ಮೂಲದವರು. ಕುದುರೆ ಸವಾರಿಯ ಅಪಘಾತದಲ್ಲಿ ತಂದೆ ತೀರಿಕೊಂಡ ಬಳಿಕ ತಾಯಿ ಮಕ್ಕಳೊಡನೆ ತವರುನಾಡಿಗೆ ಮರಳಿದರು. ಚಿತ್ರಕಾರನಾಗಬೇಕೆಂಬ ಹಂಬಲವಿದ್ದ ಸೆವ್ರುಗಿನ್, ಸಂಸಾರದ ಹೊಣೆಯಿಂದಾಗಿ ಛಾಯಾಗ್ರಹಣವನ್ನು ವೃತ್ತಿಯಾಗಿ ಆರಿಸಿಕೊಂಡರು. ಟಿಫ್ಲಿಸ್ ನಗರದಲ್ಲಿ (ಇಂದಿನ ಟ್ಬಿಲಿಸಿ) ನೆಲೆಸಿದ್ದ ಪ್ರಸಿದ್ಧ ಛಾಯಾಗ್ರಾಹಕ ದ್ಮಿತ್ರಿ ಯೆರ್ಮಕೋವ್ ಅವರ ಪರಿಚಯ ಇದಕ್ಕೆ ನೆರವಾಯಿತು.

ಟೆಹರಾನ್‌ನ ಸ್ಟುಡಿಯೋ

1870ರ ದಶಕದಲ್ಲಿ ಸೆವ್ರುಗಿನ್ ತಮ್ಮ ಸಹೋದರರೊಡನೆ ಇರಾನಿಗೆ ಬಂದರು. ಮೊದಲು ತಬ್ರೀಜ್ ನಗರದಲ್ಲಿಯೂ ಅನಂತರ ಟೆಹರಾನ್‌ನ ಅಲಾ ಅಲ್-ದೌಲಾ ಬೀದಿಯಲ್ಲಿಯೂ (ಇಂದಿನ ಫಿರ್ದೌಸಿ ಬೀದಿ) ಸ್ಟುಡಿಯೋ ತೆರೆದರು. ಆಗ ಆಳುತ್ತಿದ್ದ ನಾಸಿರ್ ಅಲ್-ದೀನ್ ಶಾಹನಿಗೆ ಛಾಯಾಗ್ರಹಣದಲ್ಲಿ ಅತೀವ ಆಸಕ್ತಿಯಿತ್ತು; ಆತ ಸ್ವತಃ ಕ್ಯಾಮೆರಾ ಬಳಸುತ್ತಿದ್ದನು. ಶಾಹನ ಆಶ್ರಯ ದೊರೆತದ್ದರಿಂದ ಸೆವ್ರುಗಿನ್ ಅವರಿಗೆ ಅರಮನೆಯೊಳಗೂ ಪ್ರವೇಶ ಲಭಿಸಿತು. ಕ್ಷೌರಿಕನು ಶಾಹನ ಮೀಸೆಗೆ ಬಣ್ಣ ಹಚ್ಚುತ್ತಿರುವ ಚಿತ್ರ ಇವರ ಪ್ರಸಿದ್ಧ ಕೃತಿಗಳಲ್ಲಿ ಒಂದು. ರಾಜಗಾಂಭೀರ್ಯವನ್ನು ಬದಿಗಿಟ್ಟು ಅರಸನನ್ನು ಸಾಮಾನ್ಯ ಮನುಷ್ಯನಂತೆ ತೋರಿಸುವುದೇ ಅದರ ವಿಶೇಷ.

ಜನಜೀವನದ ಚಿತ್ರಗಳು

ಬಜಾರಿನ ವ್ಯಾಪಾರಿಗಳು, ಬೀದಿಯ ಕ್ಷೌರಿಕರು, ದರ್ವೇಶಿಗಳು, ಗರಡಿಮನೆಯ ಪೈಲ್ವಾನರು, ಬುಡಕಟ್ಟಿನ ಜನರು, ಮನೆಯೊಳಗಿನ ಹೆಂಗಸರು ಇವರ ಚಿತ್ರಗಳ ವಸ್ತುವಾದರು. ಮುಸ್ಲಿಮರಲ್ಲದೆ ಅರ್ಮೇನಿಯನ್ನರು, ಯೆಹೂದ್ಯರು ಮತ್ತು ಜರತುಷ್ಟ್ರ ಮತದವರ ಬದುಕೂ ಇಲ್ಲಿ ಕಾಣಸಿಗುತ್ತದೆ. ಪಾಠಶಾಲೆಯ ಬಾಲಕನ ಅಂಗಾಲಿಗೆ ಕೋಲಿನಿಂದ ಹೊಡೆಯುವ ಶಿಕ್ಷೆಯ ಚಿತ್ರವೂ ಇದೆ. ಭಾರವಾದ ಕ್ಯಾಮೆರಾ ಮತ್ತು ಗಾಜಿನ ಫಲಕಗಳ ಆ ಕಾಲದಲ್ಲಿ ಚಿತ್ರಕ್ಕೆ ನಿಂತವರು ಅಲುಗಾಡದೆ ಇರಬೇಕಾಗಿತ್ತು. ಆದ್ದರಿಂದ ಅನೇಕ ದೃಶ್ಯಗಳನ್ನು ಮೊದಲೇ ಜೋಡಿಸಿ ತೆಗೆಯಲಾಗಿದೆ. ಕೆಲವು ಚಿತ್ರಗಳು ಯುರೋಪಿನ ಗ್ರಾಹಕರ ಅಭಿರುಚಿಗೆ ಹೊಂದುವಂತಿವೆ ಎಂಬ ಟೀಕೆಯೂ ಇದೆ. ಆದರೆ ಇವರು ಹೊರಗಿನಿಂದ ಬಂದುಹೋದ ಪ್ರವಾಸಿಯಲ್ಲ. ಅದೇ ನಗರದಲ್ಲಿ ಹುಟ್ಟಿ, ಅಲ್ಲಿನ ಭಾಷೆಯನ್ನಾಡಿ, ಅಲ್ಲಿಯೇ ಸಂಸಾರ ಹೂಡಿದವರು.

ಜರ್ಮನಿಯ ವಿದ್ವಾಂಸ ಫ್ರೀಡ್ರಿಶ್ ಸಾರ್ರೆ ಅವರಿಗಾಗಿ ಇವರು ಇರಾನಿನ ಪ್ರಾಚೀನ ಸ್ಮಾರಕಗಳನ್ನೂ ಚಿತ್ರೀಕರಿಸಿದರು. ಯುರೋಪಿನ ಲೇಖಕರ ಪುಸ್ತಕಗಳಲ್ಲಿ ಇವರ ಚಿತ್ರಗಳು ಹಲವು ಬಾರಿ ಇವರ ಹೆಸರಿಲ್ಲದೆಯೇ ಅಚ್ಚಾದವು. ಇದರಿಂದಾಗಿ ಚಿತ್ರಗಳಿಗೆ ದೊರೆತ ಪ್ರಚಾರ ಅವುಗಳನ್ನು ತೆಗೆದವರಿಗೆ ದೊರೆಯಲಿಲ್ಲ. ಆದರೂ 1897ರ ಬ್ರಸೆಲ್ಸ್ ಮತ್ತು 1900ರ ಪ್ಯಾರಿಸ್ ಅಂತರರಾಷ್ಟ್ರೀಯ ಪ್ರದರ್ಶನಗಳಲ್ಲಿ ಇವರಿಗೆ ಪದಕಗಳು ಲಭಿಸಿದವು.

ಫಲಕಗಳ ನಾಶ

1908ರಲ್ಲಿ ಸಂವಿಧಾನ ಚಳವಳಿಯನ್ನು ಹತ್ತಿಕ್ಕಲು ಮೊಹಮ್ಮದ್ ಅಲಿ ಶಾಹನು ಸಂಸತ್ ಭವನದ ಮೇಲೆ ಫಿರಂಗಿ ದಾಳಿ ನಡೆಸಿದನು. ಆ ಗಲಭೆಯಲ್ಲಿ ಸೆವ್ರುಗಿನ್ ಅವರ ಸ್ಟುಡಿಯೋ ಹಾನಿಗೊಳಗಾಯಿತು. ಸುಮಾರು 2,000 ಫಲಕಗಳು ಮಾತ್ರ ಉಳಿದವು. ಮುಂದೆ ದೇಶವನ್ನು ಆಧುನಿಕಗೊಳಿಸಲು ಹೊರಟ ರೆಜಾ ಶಾಹನ ಕಾಲದಲ್ಲಿ, ಹಳೆಯ ಇರಾನನ್ನು ತೋರಿಸುವ ಚಿತ್ರಗಳು ಅನಪೇಕ್ಷಿತವೆನಿಸಿ ಉಳಿದ ಫಲಕಗಳೂ ಮುಟ್ಟುಗೋಲಿಗೆ ಒಳಗಾದವು. ಹೀಗೆ ಮೊದಲ ಬಾರಿ ಯುದ್ಧಸದೃಶ ಗಲಭೆಯಿಂದಲೂ ಎರಡನೆಯ ಬಾರಿ ಆಡಳಿತದ ಧೋರಣೆಯಿಂದಲೂ ಇವರ ಸಂಗ್ರಹ ಕೈತಪ್ಪಿತು.

ನಿಧನ ಮತ್ತು ಮಹತ್ವ

ಸೆವ್ರುಗಿನ್ 1933ರಲ್ಲಿ ಟೆಹರಾನ್‌ನಲ್ಲಿ ನಿಧನರಾದರು. ಇವರ ಮಗಳು ಮೇರಿ ಪ್ರಯತ್ನಪಟ್ಟು ಸುಮಾರು 700 ಫಲಕಗಳನ್ನು ಮರಳಿ ಪಡೆದರು. ಅವು ಟೆಹರಾನ್‌ನ ಅಮೆರಿಕನ್ ಮಿಷನ್ ಮೂಲಕ ಅಮೆರಿಕವನ್ನು ತಲುಪಿ, ಈಗ ವಾಷಿಂಗ್ಟನ್‌ನ ಸ್ಮಿತ್‌ಸೋನಿಯನ್ ಸಂಸ್ಥೆಯಲ್ಲಿ ಸುರಕ್ಷಿತವಾಗಿವೆ. ಇವರ ಮಗ ಆಂದ್ರೆ, ದರ್ವೇಶ್ ಎಂಬ ಹೆಸರಿನಲ್ಲಿ ಚಿತ್ರಕಾರರಾಗಿ ಖ್ಯಾತರಾದರು.

ಅರಸರ ವೃತ್ತಾಂತಗಳು ಬರಹದಲ್ಲಿ ಉಳಿಯುತ್ತವೆ. ಬಜಾರಿನ ವ್ಯಾಪಾರಿ, ಪೆಟ್ಟು ತಿಂದ ಶಾಲಾಬಾಲಕ ಮೊದಲಾದವರ ಚಹರೆ ಉಳಿಯುವುದು ವಿರಳ. ಸೆವ್ರುಗಿನ್ ಅವರ ಉಳಿದ ಫಲಕಗಳ ಮಹತ್ವ ಇರುವುದು ಇಲ್ಲಿಯೇ. ಒಂದು ಆಡಳಿತ ಮರೆಯಬಯಸಿದ ಬದುಕಿಗೆ ಅವೇ ಸಾಕ್ಷಿಯಾಗಿ ನಿಂತಿವೆ.