ಮಳೆಮೋಡದ ನಡುವೆ ಟಪಾಲು ಹೊತ್ತ ಜೆಆರ್‌ಡಿ

ಮಳೆಗಾಲದಲ್ಲಿ ಬಸ್ಸು ತಡವಾದರೆ ನಾವು ಮಳೆಯನ್ನೇ ಬೈಯುತ್ತೇವೆ. ಆದರೆ 1933ರ ಮುಂಗಾರಿನಲ್ಲಿ ಒಂದೇ ಎಂಜಿನ್ನಿನ ಪುಟ್ಟ ವಿಮಾನಗಳು ಪಶ್ಚಿಮ ಘಟ್ಟ ದಾಟಿ, ಹೇಳಿದ ಹೊತ್ತಿಗೆ ಟಪಾಲು ತಲುಪಿಸುತ್ತಿದ್ದವು! ಆ ಸೇವೆ ಕಟ್ಟಿದವರು ಜೆ.ಆರ್.ಡಿ. ಟಾಟಾ.

1904ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದ ಅವರಿಗೆ ಕೇಂಬ್ರಿಜ್‌ನಲ್ಲಿ ಎಂಜಿನಿಯರಿಂಗ್ ಓದುವ ಆಸೆಯಿತ್ತು. ತಂದೆ ಕರೆಸಿಕೊಂಡಿದ್ದರಿಂದ 1925ರಲ್ಲಿ ಭಾರತಕ್ಕೆ ಬಂದು, ಟಾಟಾ ಸಂಸ್ಥೆಯಲ್ಲಿ ಸಂಬಳವಿಲ್ಲದ ಅಪ್ರೆಂಟಿಸ್ ಆದರು. ಪದವಿಯ ಕನಸು ಅಲ್ಲಿಗೇ ನಿಂತಿತು. ವಿಮಾನದ ಹುಚ್ಚು ಮಾತ್ರ ಬಿಡಲಿಲ್ಲ. 1929ರಲ್ಲಿ ಭಾರತದಲ್ಲಿ ನೀಡಿದ ಮೊದಲ ಪೈಲಟ್ ಲೈಸೆನ್ಸ್ ಅವರದಾಯಿತು.

1932ರ ಅಕ್ಟೋಬರ್ 15ರಂದು ಪುಸ್ ಮಾತ್ ಎಂಬ ವಿಮಾನದಲ್ಲಿ ಕರಾಚಿಯಿಂದ ಅಹಮದಾಬಾದ್ ಮೂಲಕ ಮುಂಬೈನ ಜುಹುಗೆ ಟಪಾಲು ತಂದರು. ಅಲ್ಲಿಂದ ಅವರ ಜೊತೆಗಾರ ನೆವಿಲ್ ವಿನ್ಸೆಂಟ್ ನಮ್ಮ ಬಳ್ಳಾರಿ ಮಾರ್ಗವಾಗಿ ಮದ್ರಾಸಿಗೆ ಒಯ್ದರು. ನಿಜವಾದ ಪರೀಕ್ಷೆ ಎದುರಾದದ್ದು ಮುಂದಿನ ಮುಂಗಾರಿನಲ್ಲಿ.

ವಿಮಾನದಲ್ಲಿ ರೇಡಿಯೊ ಇರಲಿಲ್ಲ, ದಾರಿ ತೋರಿಸುವ ಉಪಕರಣಗಳೂ ಇರಲಿಲ್ಲ. ಪೈಲಟ್ ನೆಲ ನೋಡಿಕೊಂಡೇ ಹಾರಬೇಕು. ಘಟ್ಟದ ಮೇಲೆ ಮೋಡ ಕವಿದರೆ ಬೆಟ್ಟ ಯಾವುದು, ಆಕಾಶ ಯಾವುದು ಗೊತ್ತಾಗದು. ಗುಡುಗುಮೋಡದೊಳಗೆ ರಭಸದಿಂದ ಏಳುವ, ಇಳಿಯುವ ಗಾಳಿ ಹಗುರ ವಿಮಾನವನ್ನು ತರಗೆಲೆಯಂತೆ ಎತ್ತಿ ಕೆಡವಬಲ್ಲದು. ಜುಹುವಿನಲ್ಲಿ ಇದ್ದದ್ದು ಸಮುದ್ರದ ಪಕ್ಕದ ಮಣ್ಣಿನ ಬಯಲು. ಮಳೆಗಾಲದಲ್ಲಿ ಅಲ್ಲಿ ನೀರು ನಿಂತು ಚಕ್ರ ಊರಲೂ ಆಗುತ್ತಿರಲಿಲ್ಲ. ಜೆಆರ್‌ಡಿ ಹಠಕ್ಕೆ ಬೀಳಲಿಲ್ಲ, ಸೇವೆಯನ್ನೂ ನಿಲ್ಲಿಸಲಿಲ್ಲ. ಮಳೆಗಾಲಕ್ಕೆ ನೆಲೆಯನ್ನೇ ಪುಣೆಗೆ ಬದಲಿಸಿದರು. ಘಟ್ಟದ ಮಳೆಯಲ್ಲೂ ಶೇ 100ರಷ್ಟು ಸಮಯಪಾಲನೆ ಸಾಧಿಸಿದ್ದನ್ನು ಸರ್ಕಾರದ ವಿಮಾನಯಾನ ಇಲಾಖೆಯೇ ವರದಿಯಲ್ಲಿ ಮೆಚ್ಚಿತು.

ಅದೇ ಟಪಾಲು ಸೇವೆ ಬೆಳೆದು ಏರ್ ಇಂಡಿಯಾ ಆಯಿತು. ಐವತ್ತು ವರ್ಷಗಳ ನಂತರ, 1982ರಲ್ಲಿ, 78ರ ವಯಸ್ಸಿನ ಜೆಆರ್‌ಡಿ ಒಂದು ಪುಟ್ಟ ವಿಮಾನದಲ್ಲಿ ಮತ್ತೆ ಕರಾಚಿಯಿಂದ ಮುಂಬೈಗೆ ಹಾರಿಬಂದರು. 1992ರಲ್ಲಿ ಭಾರತರತ್ನ ಪಡೆದು, ಮರುವರ್ಷ ಜಿನೀವಾದಲ್ಲಿ ತೀರಿಕೊಂಡರು.

ಬಿಇ ಓದುತ್ತಿರುವ ನನಗೂ ನನ್ನ ಗೆಳೆಯರಿಗೂ ಈಗ ಒಂದೇ ಚಿಂತೆ. ಕ್ಯಾಂಪಸ್‌ಗೆ ಕಂಪನಿಗಳು ಬರುತ್ತವೋ ಇಲ್ಲವೋ, ನೇಮಕಾತಿಯ ಅಧಿಸೂಚನೆ ಯಾವಾಗಲೋ! ಇವು ಯಾವುವೂ ನಮ್ಮ ಕೈಯಲ್ಲಿಲ್ಲ. ಮಳೆಯನ್ನು ನಿಲ್ಲಿಸಲು ಜೆಆರ್‌ಡಿಯವರಿಗೂ ಆಗಲಿಲ್ಲ. ಅವರು ಇಳಿಯುವ ಜಾಗ ಬದಲಿಸಿಕೊಂಡರು, ತಲುಪಬೇಕಾದ ಹೊತ್ತನ್ನಲ್ಲ.