ಇ.ಎಂ.ಎಸ್. ಮತ್ತು ಅವರ ಎರಡು ಸಂಪುಟಗಳು



ರಾಜ್ಯಶಾಸ್ತ್ರದಲ್ಲಿ ಮಂತ್ರಿಮಂಡಲದ ಪಾಠ ಬಂದಾಗಲೆಲ್ಲ ನಾನು ಒಬ್ಬರ ಬದುಕಿನ ಕಥೆ ಹೇಳುತ್ತೇನೆ. ಅವರು ಕೇರಳದ ಮೊದಲ ಮುಖ್ಯಮಂತ್ರಿ ಇ.ಎಂ.ಎಸ್. ನಂಬೂದಿರಿಪಾಡ್. ರಷ್ಯಾ, ಚೀನಾಗಳಲ್ಲಿ ಕಮ್ಯುನಿಸ್ಟ್ ಪಕ್ಷ ಆರಿಸಿದ ಸಂಪುಟವನ್ನು ಮತದಿಂದ ಇಳಿಸಲು ಜನರಿಗೆ ದಾರಿಯಿರಲಿಲ್ಲ. ಕೇರಳದಲ್ಲಿ ಅದೇ ಸಿದ್ಧಾಂತದ ಪಕ್ಷ ಜನರ ಮತದಿಂದ ಬಂದು, ನಮ್ಮ ಸಂವಿಧಾನದ ಮೇಲೆ ಪ್ರಮಾಣ ಮಾಡಿ ಸಂಪುಟ ಕಟ್ಟಿತು.

ಇ.ಎಂ.ಎಸ್. ಹುಟ್ಟಿದ್ದು 1909ರ ಜೂನ್‌ನಲ್ಲಿ, ಮಲಬಾರಿನ ಪೆರಿಂದಲ್ಮಣ್ಣ ಹತ್ತಿರದ ಏಲಂಕುಳಂ ಎಂಬ ಊರಿನ ಜಮೀನ್ದಾರಿ ನಂಬೂದಿರಿ ಮನೆಯಲ್ಲಿ. ಚಿಕ್ಕಂದಿನಲ್ಲಿ ಕಲಿತದ್ದು ಸಂಸ್ಕೃತ ಮತ್ತು ಋಗ್ವೇದ. ಶಾಲೆಯ ಮೆಟ್ಟಿಲು ಹತ್ತಿದ್ದು ತಡವಾಗಿ. ಮಾತನಾಡುವಾಗ ತೊದಲುತ್ತಿದ್ದರು. ತರಗತಿಯಲ್ಲಿ ಎದ್ದು ನಿಂತು ಮಾತಾಡಲು ಅಂಜುವ ಮಕ್ಕಳಿಗೆ ಇದನ್ನು ನಾನು ಮರೆಯದೆ ಹೇಳುತ್ತೇನೆ. ತ್ರಿಶೂರಿನ ಸೇಂಟ್ ಥಾಮಸ್ ಕಾಲೇಜಿನಲ್ಲಿದ್ದಾಗ, 1932ರಲ್ಲಿ, ಓದು ಬಿಟ್ಟು ಕಾನೂನುಭಂಗ ಚಳವಳಿಗೆ ಸೇರಿ ಜೈಲಿಗೆ ಹೋದರು. 1934ರಲ್ಲಿ ಕಾಂಗ್ರೆಸ್ ಸೋಷಲಿಸ್ಟ್ ಪಕ್ಷ, ಆಮೇಲೆ ಕಮ್ಯುನಿಸ್ಟ್ ಪಕ್ಷ. ತಮ್ಮ ಪಾಲಿಗೆ ಬಂದ ಆಸ್ತಿಯನ್ನು ಮಾರಿ ಪಕ್ಷಕ್ಕೆ ಕೊಟ್ಟರು.

1939ರಲ್ಲಿ ಅವರು ಮದ್ರಾಸ್ ವಿಧಾನಸಭೆಗೆ ಆಯ್ಕೆಯಾದರು. ಆಗ ಮಲಬಾರಿನಂತೆ ನಮ್ಮ ಬಳ್ಳಾರಿಯೂ ಮದ್ರಾಸ್ ಪ್ರಾಂತ್ಯದಲ್ಲೇ ಇತ್ತು. ನಾವು ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಮಲಬಾರಿನ ಗೇಣಿದಾರರ ಸ್ಥಿತಿ ವಿಚಾರಿಸಲು ನೇಮಿಸಿದ ಸಮಿತಿಯಲ್ಲಿ ಇ.ಎಂ.ಎಸ್. ಸದಸ್ಯರಾಗಿದ್ದು, ಉಳುವವನ ಪರವಾಗಿ ತಮ್ಮ ಭಿನ್ನಾಭಿಪ್ರಾಯವನ್ನು ಬೇರೆಯಾಗಿ ಬರೆದುಕೊಟ್ಟರು.

1956ರಲ್ಲಿ ಕೇರಳ ರಾಜ್ಯವಾಯಿತು. ಕನ್ನಡಿಗರಿದ್ದ ಕಾಸರಗೋಡು ತಾಲ್ಲೂಕೂ ಅದಕ್ಕೆ ಸೇರಿತು. ಮರುವರ್ಷದ ಚುನಾವಣೆಯಲ್ಲಿ ಇ.ಎಂ.ಎಸ್. ಈಗಿನ ಕಾಸರಗೋಡು ಜಿಲ್ಲೆಯ ನೀಲೇಶ್ವರದಿಂದ ಗೆದ್ದರು. 126 ಸ್ಥಾನಗಳಲ್ಲಿ ಪಕ್ಷಕ್ಕೆ 60, ಬೆಂಬಲದ ಪಕ್ಷೇತರರು 5. ಹೀಗೆ ಕೂದಲೆಳೆಯ ಬಹುಮತ.

1957ರ ಏಪ್ರಿಲ್ 5ರಂದು ಹನ್ನೊಂದು ಮಂದಿ ಪ್ರಮಾಣವಚನ ಸ್ವೀಕರಿಸಿದರು. ಕಂದಾಯ ಖಾತೆ ಈಳವ ಸಮುದಾಯದ ವಕೀಲೆ ಕೆ.ಆರ್. ಗೌರಿಗೆ, ಇಡೀ ಸಂಪುಟಕ್ಕೆ ಅವರೊಬ್ಬರೇ ಹೆಣ್ಣುಮಗಳು. ಸ್ಥಳೀಯ ಆಡಳಿತ ದಲಿತ ಮೇಷ್ಟ್ರು ಪಿ.ಕೆ. ಚಾತ್ತನ್ ಅವರಿಗೆ. ಲೋಕೋಪಯೋಗಿ ಟಿ.ಎ. ಮಜೀದ್ ಅವರಿಗೆ. ಶಿಕ್ಷಣ ಸಾಹಿತಿ, ಪ್ರಾಧ್ಯಾಪಕ ಜೋಸೆಫ್ ಮುಂಡಶ್ಶೇರಿಗೆ. ಹಣಕಾಸು ಸಿ. ಅಚ್ಯುತ ಮೆನನ್‌ಗೆ, ಕಾನೂನು ವಿ.ಆರ್. ಕೃಷ್ಣ ಅಯ್ಯರ್‌ಗೆ, ಆರೋಗ್ಯ ವೈದ್ಯ ಎ.ಆರ್. ಮೆನನ್‌ಗೆ. ಕಾರ್ಮಿಕ ಖಾತೆ ಟಿ.ವಿ. ಥಾಮಸ್, ಆಹಾರ ಮತ್ತು ಅರಣ್ಯ ಕೆ.ಸಿ. ಜಾರ್ಜ್, ಕೈಗಾರಿಕೆ ಕೆ.ಪಿ. ಗೋಪಾಲನ್. ಇವರಲ್ಲಿ ಕೃಷ್ಣ ಅಯ್ಯರ್ ಮುಂತಾದವರು ಪಕ್ಷೇತರರು.

ವಾರದೊಳಗೇ, ಗೇಣಿದಾರರನ್ನು ಭೂಮಿಯಿಂದ ಒಕ್ಕಲೆಬ್ಬಿಸಬಾರದೆಂಬ ಸುಗ್ರೀವಾಜ್ಞೆ ಬಂತು. ನಾನು ಸಿರುಗುಪ್ಪ ಸೀಮೆಯವನು. ನಮ್ಮ ತಾತ ಬೇರೆಯವರ ಗದ್ದೆ ಉಳುತ್ತಿದ್ದರು. ಈ ಸಲದ ಭತ್ತ ಮನೆಗೆ ಬಂದರೂ ಮುಂದಿನ ಸಲ ಗದ್ದೆ ನಮ್ಮ ಕೈಯಲ್ಲಿರುತ್ತದೋ ಇಲ್ಲವೋ ಎಂಬ ಚಿಂತೆ. ನಮ್ಮ ರಾಜ್ಯದಲ್ಲಿ ಉಳುವವನಿಗೆ ಭೂಮಿ ಎಂಬುದು ಗಟ್ಟಿಯಾಗಿದ್ದು 1974ರಲ್ಲಿ, ದೇವರಾಜ ಅರಸರ ಕಾಲಕ್ಕೆ. ಕುರುಗೋಡು, ಸಿರುಗುಪ್ಪ ಕಡೆಯಿಂದ ಬರುವ ನೀವು ಮನೆಯ ಹಿರಿಯರನ್ನು ಫಾರಂ ನಂಬರ್ 7 ಎಂದರೇನೆಂದು ಕೇಳಿ ನೋಡಿ. ಕೇರಳದ ಆ ಆಜ್ಞೆಯ ಬೆಲೆ ಆಗ ತಿಳಿಯುತ್ತದೆ.

ಆದರೆ ಸಂಪುಟ ಎಡವಿದ್ದು ಶಿಕ್ಷಣದಲ್ಲಿ. ಖಾಸಗಿ ಶಾಲೆಯ ಮೇಷ್ಟ್ರುಗಳಿಗೆ ಸರ್ಕಾರವೇ ನೇರ ಸಂಬಳ ಕೊಡಬೇಕು, ನೇಮಕದಲ್ಲಿ ಆಡಳಿತ ಮಂಡಳಿಯ ಮನಸೋಇಚ್ಛೆ ನಡೆಯಬಾರದು ಎಂದು ಮುಂಡಶ್ಶೇರಿ ವಿಧೇಯಕ ತಂದರು. ಉದ್ದೇಶ ಒಳ್ಳೆಯದೇ. ಆದರೆ ಶಾಲೆಗಳನ್ನು ಸರ್ಕಾರ ವಶಕ್ಕೆ ತೆಗೆದುಕೊಳ್ಳುವ ಕಲಮುಗಳೂ ಅದರಲ್ಲಿದ್ದವು. ರಾಷ್ಟ್ರಪತಿಗಳು ಅದನ್ನು ಸುಪ್ರೀಂ ಕೋರ್ಟಿನ ಅಭಿಪ್ರಾಯಕ್ಕೆ ಕಳಿಸಿದರು. 1958ರ ಮೇ ತಿಂಗಳಲ್ಲಿ ಕೋರ್ಟು, ಆ ಕಲಮುಗಳು ಅಲ್ಪಸಂಖ್ಯಾತರ ಸಂಸ್ಥೆಗಳ ಮಟ್ಟಿಗೆ ಸಂವಿಧಾನದ 30(1)ನೇ ವಿಧಿಗೆ ವಿರುದ್ಧವೆಂದಿತು. ಆಡಳಿತ ನಡೆಸುವ ಹಕ್ಕೆಂದರೆ ಕೆಟ್ಟದಾಗಿ ನಡೆಸುವ ಹಕ್ಕಲ್ಲ ಎಂದೂ ಸ್ಪಷ್ಟಪಡಿಸಿತು. ನಾವು ಪಾಠ ಮಾಡುವ, ನೀವು ಓದುವ ಈ ಕಾಲೇಜು ನಿಂತಿರುವುದು ಅದೇ ವಿಧಿಯ ಮೇಲೆ. ಹಕ್ಕು, ಹೊಣೆ ಎರಡೂ ಅದರಲ್ಲಿವೆ.

ವಿಧೇಯಕ ತಿದ್ದುಪಡಿಯಾಗಿ ಕಾಯ್ದೆಯಾದರೂ ಸಿಟ್ಟು ಇಳಿಯಲಿಲ್ಲ. ಕ್ರೈಸ್ತ ಸಭೆಗಳು, ನಾಯರ್ ಸರ್ವಿಸ್ ಸೊಸೈಟಿ, ಕಾಂಗ್ರೆಸ್, ಮುಸ್ಲಿಂ ಲೀಗ್ ಎಲ್ಲವೂ ಬೀದಿಗಿಳಿದವು. ಗೋಲಿಬಾರಿನಲ್ಲಿ ಜನ ಸತ್ತರು. 1959ರ ಜುಲೈ 31ರಂದು ಕೇಂದ್ರ ಸರ್ಕಾರ 356ನೇ ವಿಧಿಯಂತೆ ಸಂಪುಟವನ್ನು ವಜಾ ಮಾಡಿತು. ವಿಧಾನಸಭೆಯಲ್ಲಿ ಬಹುಮತವಿದ್ದ ಸರ್ಕಾರವನ್ನು ಹೀಗೆ ತೆಗೆದದ್ದು ಸರಿಯೇ ಎಂಬ ಚರ್ಚೆ ಇಂದಿಗೂ ನಿಂತಿಲ್ಲ.

ಶಿಕ್ಷಣ ಮಂತ್ರಿ ಕ್ರೈಸ್ತರೇ ಆಗಿದ್ದರೂ ಕ್ರೈಸ್ತ ಸಭೆಗಳ ಭಯ ಹೋಗಲಿಲ್ಲ, ಗಮನಿಸಿ. ಒಂದು ಸಮುದಾಯದವರೊಬ್ಬರು ಕುರ್ಚಿಯಲ್ಲಿ ಕೂತ ಮಾತ್ರಕ್ಕೆ ಆ ಸಮುದಾಯದ ಮಾತು ಸಂಪುಟಕ್ಕೆ ಮುಟ್ಟಿತೆಂದು ಹೇಳಲಾಗದು.

1967ರಲ್ಲಿ ಇ.ಎಂ.ಎಸ್. ಮತ್ತೆ ಮುಖ್ಯಮಂತ್ರಿಯಾದರು, ಈ ಸಲ ಏಳು ಪಕ್ಷಗಳ ಕೂಟದಿಂದ. ಹಿಂದೆ ಬೀದಿಗಿಳಿದಿದ್ದ ಮುಸ್ಲಿಂ ಲೀಗ್ ಈಗ ಸಂಪುಟದ ಒಳಗಿತ್ತು. ಮೊದಲ ಸರ್ಕಾರವನ್ನು ಉರುಳಿಸಿದ ಅದೇ ಶಿಕ್ಷಣ ಖಾತೆ ಲೀಗಿನ ಸಿ.ಎಚ್. ಮೊಹಮ್ಮದ್ ಕೋಯ ಅವರ ಪಾಲಾಯಿತು. 1968ರಲ್ಲಿ ಕಲ್ಲಿಕೋಟೆ ವಿಶ್ವವಿದ್ಯಾಲಯ, 1969ರಲ್ಲಿ ಮಲಪ್ಪುರಂ ಜಿಲ್ಲೆ ಹುಟ್ಟಿದವು. ಕೂಟದೊಳಗಿನ ಜಗಳದಿಂದ ಆ ವರ್ಷವೇ ಸರ್ಕಾರ ಬಿತ್ತು, ವಿಶ್ವವಿದ್ಯಾಲಯ ಉಳಿಯಿತು.

ಮುಂದೆ ಇ.ಎಂ.ಎಸ್. 1978ರಿಂದ 1992ರವರೆಗೆ ಮಾರ್ಕ್ಸ್‌ವಾದಿ ಕಮ್ಯುನಿಸ್ಟ್ ಪಕ್ಷದ ಪ್ರಧಾನ ಕಾರ್ಯದರ್ಶಿಯಾಗಿದ್ದರು. 1998ರ ಮಾರ್ಚ್ 19ರಂದು ತೀರಿಕೊಂಡರು. ಅವರ ಎಲ್ಲ ವಿಚಾರಗಳನ್ನೂ ನಾನು ಒಪ್ಪುವವನಲ್ಲ, ನೀವೂ ಒಪ್ಪಬೇಕಾಗಿಲ್ಲ. ಆದರೆ ಮುಂದಿನ ಸಲ ಯಾವುದೇ ಸರ್ಕಾರದ ಮಂತ್ರಿಗಳ ಪಟ್ಟಿ ಪತ್ರಿಕೆಯಲ್ಲಿ ಬಂದಾಗ, ನಮ್ಮವರು ಎಷ್ಟು ಮಂದಿ ಎಂದು ಎಣಿಸಿ ಪತ್ರಿಕೆ ಮಡಚಿಡಬೇಡಿ. ಯಾರಿಗೆ ಯಾವ ಖಾತೆ ಸಿಕ್ಕಿತು, ಅದರಿಂದ ಯಾರ ಗದ್ದೆ, ಯಾರ ಶಾಲೆ ಉಳಿಯಿತು ಎಂಬುದನ್ನೂ ನೋಡಿ.